ಕಿಟಕಿ ತೆಗೆಯಬೇಕಿತ್ತಂತೆ

ಚಳಿಗಾಲ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಊರು ಬೇರೆ, ಹೆಸರು ಬೇರೆ, ಒಕ್ಕಣೆ ಮಾತ್ರ ಅದೇ. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ, ಕೂಗಿದರೂ ಓಗೊಡಲಿಲ್ಲ, ಬಾಗಿಲು ಒಡೆದು ನೋಡಿದರೆ ಕುಸಿದು ಬಿದ್ದಿದ್ದರು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗಿತ್ತು. ಒಮ್ಮೆ ಅಕ್ಕತಂಗಿಯರು, ಒಮ್ಮೆ ತಾಯಿ ಮತ್ತು ಮಗು, ಒಮ್ಮೆ ಹೊಸದಾಗಿ ಸಂಸಾರ ಹೂಡಿದ ಜೋಡಿ. ಕೊನೆಯಲ್ಲಿ ಎರಡು ಸಾಲು: ‘ಗ್ಯಾಸ್ ಗೀಸರ್ ಸೋರಿಕೆ ಕಾರಣವೆಂದು ಶಂಕಿಸಲಾಗಿದೆ. ಅಸ್ವಾಭಾವಿಕ ಸಾವು ಪ್ರಕರಣ ದಾಖಲಾಗಿದೆ.’

ಅಲ್ಲಿಗೆ ಮುಗಿಯಿತು. ಸಾವಿನ ಮನೆಯ ಜಗುಲಿಯಲ್ಲಿ ಕೂತ ನೆಂಟರು, ಎದುರುಮನೆಯವರು, ಮಹಜರಿಗೆ ಬಂದ ಪೊಲೀಸರು, ಮನೆ ಓನರು, ಎಲ್ಲರೂ ಸೇರಿ ಒಂದೇ ತೀರ್ಪು ಕೊಡುತ್ತಾರೆ: ‘ಪಾಪ, ಕಿಟಕಿ ಒಂದು ತೆಗೆದಿದ್ದರೆ ಬದುಕಿಕೊಳ್ತಿದ್ದರು.’

ಎಷ್ಟು ಮೃದುವಾದ ಮಾತು! ಅನುಕಂಪವೂ ಇದೆ, ಬುದ್ಧಿವಾದವೂ ಇದೆ. ಒಳಗೆ ಮಾತ್ರ ಪಕ್ಕಾ ದೋಷಾರೋಪ ಪಟ್ಟಿ. ಸತ್ತವರೇ ಆರೋಪಿ. ಗೀಸರ್ ಮಾರಿದವನು, ಅದನ್ನು ನಾಲ್ಕಡಿ ಅಗಲದ ಕೋಣೆಯೊಳಗೆ ಮೊಳೆ ಹೊಡೆದು ನೇತುಹಾಕಿದವನು, ಆ ಕೋಣೆಯನ್ನು ಬಾಡಿಗೆಗೆ ಕೊಟ್ಟು ತಿಂಗಳು ತಿಂಗಳು ದುಡ್ಡು ಎಣಿಸಿಕೊಂಡವನು, ಮೂವರೂ ಸಾಕ್ಷಿಗಳ ಸಾಲಿನಲ್ಲಿ ನಿಂತು ತಲೆ ಅಲ್ಲಾಡಿಸುತ್ತಾರೆ. ನನ್ನ ಜಗಳ ಈ ಮಾತಿನ ಜೊತೆಗೆ.

ಮೊದಲು ‘ಸೋರಿಕೆ’ ಎಂಬ ಸುಳ್ಳನ್ನು ನೋಡಿ. ಈ ಸಾವುಗಳಲ್ಲಿ ಸಾಮಾನ್ಯವಾಗಿ ಏನೂ ಸೋರಿರುವುದಿಲ್ಲ. ಅಡುಗೆ ಅನಿಲ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಗೊತ್ತಾಗಲಿ ಎಂದೇ ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಗೀಸರಿನೊಳಗೆ ಅನಿಲ ಉರಿಯುವಾಗ ಆ ವಾಸನೆಯೂ ಜೊತೆಗೇ ಉರಿದುಹೋಗುತ್ತದೆ. ಕೊಲ್ಲುವುದು ಉರಿದ ಮೇಲೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಮೀರಿದ ಮೋಹ. ಒಮ್ಮೆ ಅಂಟಿಕೊಂಡಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಕೋಣೆಯ ಗಾಳಿಯಲ್ಲಿ ಇದು ಶೇ 1ರಷ್ಟು ಸೇರಿದರೆ ಮನುಷ್ಯನಿಗೆ ಉಳಿಯುವುದು ಕೆಲವೇ ನಿಮಿಷ. ಮೊದಲು ಸೋಲುವುದು ಕಾಲು. ಅಪಾಯ ತಿಳಿದರೂ ಚಿಲಕದವರೆಗೆ ಕೈ ಏಳುವುದಿಲ್ಲ.

‘ಸೋರಿಕೆ’ ಎಂದು ಬರೆದ ಕೂಡಲೇ ತಪ್ಪು ಒಂದು ರಬ್ಬರ್ ಪೈಪಿನ ತಲೆಗೆ ಹೋಗುತ್ತದೆ. ಪೈಪನ್ನು ಜೈಲಿಗೆ ಹಾಕಲಾಗದು. ಯಂತ್ರ ಕೆಟ್ಟಿರಲಿಲ್ಲ, ಕೆಟ್ಟ ಜಾಗದಲ್ಲಿತ್ತು ಎಂದು ಬರೆದರೆ ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ: ಅಲ್ಲಿ ಇಟ್ಟವರು ಯಾರು? ಆ ಪ್ರಶ್ನೆ ಯಾರಿಗೂ ಬೇಡ.

ನಾನು ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ರಸಾಯನಶಾಸ್ತ್ರ ಪಾಠ ಹೇಳಿದವನು. ಗಾಳಿ ಸಾಲದೆ ಉರಿದರೆ ಏನಾಗುತ್ತದೆ ಎಂಬ ಸಮೀಕರಣವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ಮೈಸೂರಿನ ಒಂದು ಬಾಡಿಗೆ ಮನೆಯಲ್ಲಿ ಒಂದಿಡೀ ಚಳಿಗಾಲ ಆ ಸಮೀಕರಣದ ಅಡಿಯಲ್ಲೇ ಕೂತು ಮೈ ತೊಳೆದುಕೊಂಡೆ. ಸ್ನಾನ ಮುಗಿಸಿ ಬಂದರೆ ತಲೆನೋವು. ಮನೆಯವಳು ಪಿತ್ತ ಎಂದಳು, ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಡಾಕ್ಟರು ಬಿಪಿ ನೋಡಿ ಒಂದು ಮಾತ್ರೆ ಬರೆದರು. ಯಾರೂ ‘ನೀರು ಎಲ್ಲಿ ಕಾಯಿಸ್ತೀರಿ’ ಎಂದು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಡಿಸೆಂಬರಿನ ಒಂದು ಶನಿವಾರ ಎಣ್ಣೆಸ್ನಾನ. ಎಣ್ಣೆಸ್ನಾನವೆಂದರೆ ಗೊತ್ತಲ್ಲ, ಐದು ನಿಮಿಷದ ಕೆಲಸವಲ್ಲ, ಸೀಗೆಪುಡಿ ಉಜ್ಜಿ ತಲೆಯ ಜಿಡ್ಡು ಹೋಗುವವರೆಗೆ ಬಿಸಿನೀರು ಸುರಿಯುತ್ತಲೇ ಇರಬೇಕು. ಮೂರನೆಯ ಬಕೆಟ್ ತುಂಬುತ್ತಿರುವಾಗ ಕೈಯಿಂದ ಚೊಂಬು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದೆ, ಮಂಡಿ ನನ್ನದಲ್ಲ ಅನ್ನಿಸಿತು. ಆಮೇಲೆ ನೆನಪಿರುವುದು ಹಜಾರದ ತಣ್ಣನೆಯ ರೆಡ್ ಆಕ್ಸೈಡ್ ನೆಲ.

ನಾನು ಬಾಗಿಲ ಮೇಲೆ ಬಿದ್ದಿದ್ದೆ, ಬಾಗಿಲು ತೆರೆದುಕೊಂಡಿತ್ತು. ಆ ಬಾಗಿಲಿನ ಚಿಲಕ ಮುರಿದು ಆರು ತಿಂಗಳಾಗಿತ್ತು. ರಿಪೇರಿ ಮಾಡಿಸಿಕೊಡಿ ಎಂದು ಓನರಿಗೆ ನಾಲ್ಕು ಸಲ ಹೇಳಿದ್ದೆ, ಅವರು ನಾಲ್ಕು ಸಲವೂ ‘ಆಗ್ಲಿ ಮೇಷ್ಟ್ರೇ’ ಅಂದಿದ್ದರು. ನಾನು ಇವತ್ತು ಬದುಕಿರುವುದು ವಿದ್ಯೆಯಿಂದಲ್ಲ, ಒಬ್ಬ ಓನರಿನ ಸೋಮಾರಿತನದಿಂದ.

ಸಂಜೆ ಅವರು ಸೇಬು ಹಿಡಿದು ನೋಡಲು ಬಂದರು. ಒಳ್ಳೆಯ ಮನುಷ್ಯರೇ. ಕುರ್ಚಿ ಎಳೆದುಕೊಂಡು ಕೂತು ಹೇಳಿದರು: ‘ಮೇಷ್ಟ್ರೇ, ಕಿಟಕಿ ತೆಗೀಬೇಕಿತ್ತು. ನೀವೇ ಓದಿದೋರು, ನಿಮಗೆ ನಾನು ಹೇಳ್ಬೇಕಾ?’

ಎರಡು ದಿನ ಬಿಟ್ಟು ಟೇಪು ಹಿಡಿದು ಬಾತ್‌ರೂಮಿಗೆ ಹೋದೆ. ಕಿಟಕಿ ಎಂದರೆ ಬಾಗಿಲಿನೆದುರು ಗೋಡೆಯ ಮೇಲ್ಗಡೆ, ಗಾಜಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಒಂದೂವರೆ ಅಡಿಯ ವೆಂಟಿಲೇಟರ್. ಗೀಸರನ್ನು ಅದರ ಪಕ್ಕಕ್ಕೇ ಒತ್ತಿ ಕೂರಿಸಿದ್ದರಿಂದ ಪೆಟ್ಟಿಗೆಯ ಅಂಚು ಗಾಜಿನ ಪಟ್ಟಿಗಳಿಗೆ ತಾಗಿ ಅವು ತಿರುಗುವಂತೆಯೇ ಇರಲಿಲ್ಲ. ತೆಗೆಯಬೇಕಿತ್ತು ಎಂದು ನನಗೆ ಬುದ್ಧಿ ಹೇಳಿದ ಕಿಟಕಿಯನ್ನು ಮುಚ್ಚಿದ್ದು ಅವರದೇ ಗೀಸರ್! ಅದನ್ನು ಹಾಕಿದ ಪ್ಲಂಬರನ್ನು ಹುಡುಕಿ ಕೇಳಿದೆ, ಹೊರಗೋಡೆಗೆ ಯಾಕಪ್ಪಾ ಹಾಕಲಿಲ್ಲ ಎಂದು. ‘ಅಲ್ಲಿಗಾದ್ರೆ ಇನ್ನು ಹತ್ತಡಿ ಪೈಪ್ ಹೋಗ್ತಿತ್ತು ಸಾರ್. ಓನರು ಬೇಡ ಅಂದ್ರು’ ಎಂದ. ಹತ್ತಡಿ ಪೈಪು.

ಕೋಣೆಯ ಅಳತೆ ನಾಲ್ಕಡಿ, ಆರಡಿ, ಎತ್ತರ ಎಂಟಡಿ. ಎಂದರೆ 192 ಘನ ಅಡಿ, ಸುಮಾರು ಐದೂವರೆ ಘನ ಮೀಟರ್ ಗಾಳಿ. ಗೀಸರ್ ನಿಮಿಷಕ್ಕೆ ಆರು ಲೀಟರಿನದು. ಅಷ್ಟು ನೀರನ್ನು ಚಳಿಗಾಲದಲ್ಲಿ ಮೈಗೆ ಹಿತವಾಗುವಷ್ಟು ಕಾಯಿಸಲು ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಕೆಜಿ ಅನಿಲ ಬೇಕು. ಒಂದು ಕೆಜಿ ಅನಿಲ ಸರಿಯಾಗಿ ಉರಿಯಲು ಹನ್ನೆರಡು ಘನ ಮೀಟರಿನಷ್ಟು ಗಾಳಿ ಬೇಕು. ಕಾಲು ಗಂಟೆಯ ಸ್ನಾನಕ್ಕೆ ಮೂರು ಘನ ಮೀಟರ್, ಅಂದರೆ ಕೋಣೆಯಲ್ಲಿರುವ ಗಾಳಿಯ ಅರ್ಧಕ್ಕಿಂತ ಹೆಚ್ಚು. ಗಾಳಿಯಾಡದ ಕೋಣೆಯಾದರೆ ಶೇ 21ರಷ್ಟಿದ್ದ ಆಮ್ಲಜನಕ ಶೇ 18ಕ್ಕೆ ಇಳಿಯಲು ನಾಲ್ಕೈದು ನಿಮಿಷ ಸಾಕು. ಅಲ್ಲಿಂದ ಮುಂದೆ ಉರಿ ಕೆಡುತ್ತಾ ಹೋಗುತ್ತದೆ, ವಿಷ ಏರುತ್ತಾ ಹೋಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಅಗ್ಗದ ಗೀಸರುಗಳಿಗೆ ಹೊಗೆಕೊಳವೆಯೇ ಇರುವುದಿಲ್ಲ. ಉರಿದದ್ದನ್ನೆಲ್ಲ ಅವು ಪೆಟ್ಟಿಗೆಯ ತಲೆಯ ಸೀಳುಗಳಿಂದ ಕೋಣೆಗೇ ಬಿಡುತ್ತವೆ. ನೀವು ಉಸಿರಾಡುವ ಗಾಳಿಯನ್ನು ತಿಂದು ತಾನು ಬಿಟ್ಟದ್ದನ್ನು ನಿಮಗೇ ಕುಡಿಸುವ ಯಂತ್ರ ಅದು. ಹತ್ತನೇ ತರಗತಿಯ ಹುಡುಗ ಮಾಡಬಹುದಾದ ಈ ಲೆಕ್ಕವನ್ನು ಓನರು ಮಾಡಲಿಲ್ಲ, ಪ್ಲಂಬರು ಮಾಡಲಿಲ್ಲ, ಅಂಗಡಿಯವನು ಮಾಡಲಿಲ್ಲ. ಮಾಡಬೇಕಾದವನು ಮೈಗೆ ಸೋಪು ಹಚ್ಚಿಕೊಂಡು ನಿಂತವನೇ?

‘ಐಎಸ್‌ಐ ಮಾರ್ಕ್ ಇದೆ ಸಾರ್, ಆಟೋ ಕಟ್ ಇದೆ’ ಎನ್ನುತ್ತಾರೆ ಅಂಗಡಿಯವರು. ಇರಬಹುದು. ಅನಿಲ ಗೀಸರಿಗೆ ಐಎಸ್ 15558 ಎಂಬ ಮಾನಕವಿದೆ. ಆದರೆ ಮಾರ್ಕು ಹೇಳುವುದು ಪೆಟ್ಟಿಗೆ ಸರಿಯಾಗಿದೆಯೆಂದು, ಅದನ್ನು ನೇತುಹಾಕಿದ ಗೋಡೆ ಸರಿಯಾಗಿದೆಯೆಂದಲ್ಲ. ಇನ್ನು ಆಟೋ ಕಟ್. ಉರಿ ಆರಿದರೆ ಅನಿಲ ನಿಲ್ಲಿಸುವುದು ಒಂದು. ಅದು ಕಾಯುವುದು ಉರಿಯದ ಅನಿಲದಿಂದ, ಉರಿದ ಅನಿಲದ ವಿಷದಿಂದಲ್ಲ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಆಫ್ ಆಗುವುದು ಇನ್ನೊಂದು. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಓದಿ, ಇಪ್ಪತ್ತು ನಿಮಿಷ ಯಾರಿಗೆ ಅನುಕೂಲವೆಂದು ಹೇಳಿ. ತಮಾಷೆಯೆಂದರೆ ಎಷ್ಟೋ ಕಂಪನಿಗಳ ಕೈಪಿಡಿಯಲ್ಲಿ ‘ಬಾತ್‌ರೂಮಿನೊಳಗೆ ಅಳವಡಿಸಬೇಡಿ’ ಎಂದು ಅಚ್ಚಾಗಿರುತ್ತದೆ. ಆ ಕೈಪಿಡಿ ಪೆಟ್ಟಿಗೆಯ ಜೊತೆ ಓನರಿನ ಅಟ್ಟ ಸೇರುತ್ತದೆ. ಸ್ನಾನ ಮಾಡುವ ಬಾಡಿಗೆದಾರನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಓದಿದವನು ಸಾಯುವುದಿಲ್ಲ, ಸಾಯುವವನು ಓದಿರುವುದಿಲ್ಲ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವಲ್ಲ ಎನ್ನುವವರೂ ಉಂಟು. ಬಾಗಿಲ ಸಂದಿಯಲ್ಲಿ ಗಾಳಿ ಒಳಬರಲು ದಾರಿಯಿಲ್ಲದೆ ಫ್ಯಾನು ಎಳೆಯುವುದಾದರೂ ಏನನ್ನು? ಕೆಳಗೊಂದು ದಾರಿ, ಮೇಲೊಂದು ದಾರಿ, ಎರಡೂ ಸದಾ ತೆರೆದಿದ್ದರೆ ಮಾತ್ರ ಕೋಣೆ ಉಸಿರಾಡುತ್ತದೆ. ಅಪಾರ್ಟ್‌ಮೆಂಟಿನ ಬಾತ್‌ರೂಮು ತೆರೆದುಕೊಳ್ಳುವುದು ಮೂರಡಿ ಅಗಲದ ಡಕ್ಟಿಗೆ. ಅಲ್ಲಿ ಕೆಳಗಿನ ಮನೆಯ ಗೀಸರ್ ಬಿಟ್ಟದ್ದೂ ಸುತ್ತುತ್ತಿರುತ್ತದೆ. ಕಿಟಕಿ ತೆಗೆಯಿರಿ ಎಂದು ಹೇಳುವುದು ಸುಲಭ. ಚಳಿ ಇದೆ, ಸೊಳ್ಳೆ ಇದೆ, ಎದುರಿನ ಮನೆಯ ಕಿಟಕಿಯೂ ಅದೇ ಡಕ್ಟಿಗೆ ಇದೆ. ಹೆಣ್ಣುಮಕ್ಕಳು ಸ್ನಾನದ ಮನೆಯ ಕಿಟಕಿ ತೆರೆದಿಟ್ಟುಕೊಳ್ಳಬೇಕೆಂದು ಬುದ್ಧಿ ಹೇಳುವ ಗಂಡಸರಿಗೆ ಆ ಮಾತಿನ ಅರ್ಥವಾದರೂ ಗೊತ್ತೇ? ಯಾರು ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಮುಚ್ಚಬಹುದಾದ ಒಂದು ಗಾಜಿನ ಪಟ್ಟಿಯ ಮೇಲೆ ಜೀವ ನಿಲ್ಲಿಸಿದ ಏರ್ಪಾಟಿಗೆ ಸುರಕ್ಷತೆ ಎಂದು ಹೆಸರಿಟ್ಟವರು ಯಾರು?

ನಮ್ಮ ಅಜ್ಜಿಯರು ಹೀಗೆ ಮಾಡಿರಲಿಲ್ಲ. ಹಳೆಯ ಕಾಲ ಚೆನ್ನಾಗಿತ್ತು ಎನ್ನುವ ಪೈಕಿ ನಾನಲ್ಲ. ಬಾಣಂತಿ ಕೋಣೆಯ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದದ್ದೂ ಅವರೇ, ಅದೂ ಇದೇ ವಿಷ. ಆದರೆ ಬಚ್ಚಲ ಹಂಡೆಯ ವಿಷಯದಲ್ಲಿ ಅವರಿಗೆ ಬುದ್ಧಿಯಿತ್ತು. ಎಷ್ಟೋ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆ ಬೇರೆಯಾಗಿಯೇ ಇರುತ್ತಿತ್ತು, ಒಲೆಯ ಬಾಯಿ ಗೋಡೆಯಾಚೆಗೆ. ಕೊಳ್ಳಿ ಹೊರಗೆ, ನೀರು ಒಳಗೆ. ಮೇಲೆ ಹಂಚು, ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಬೆಳಕು ಬರುತ್ತಿತ್ತು. ಹೊಗೆ ಹೆಚ್ಚಾದರೆ ಕಣ್ಣು ಉರಿದು ಮನುಷ್ಯ ತಾನಾಗಿ ಹೊರಗೆ ಓಡುತ್ತಿದ್ದ. ನಾವು ಆರ್‌ಸಿಸಿ ಹಾಕಿ, ನೆತ್ತಿಯವರೆಗೆ ಟೈಲ್ಸ್ ಅಂಟಿಸಿ, ಒಂದು ಸಂದಿಯೂ ಇರದಂತೆ ಸಿಲಿಕೋನ್ ಮೆತ್ತಿ, ಬೆಂಕಿಯನ್ನು ಮಾತ್ರ ಒಳಗೆ ಕರೆದುಕೊಂಡೆವು. ಇದಕ್ಕೆ ಮಾಡರ್ನ್ ಬಾತ್‌ರೂಮ್ ಎಂದು ಬಾಡಿಗೆ ಎರಡು ಸಾವಿರ ಜಾಸ್ತಿ.

ಕರೆಂಟ್ ಗೀಸರ್ ಇಟ್ಟವರು ಇದನ್ನೆಲ್ಲ ಓದಿ ನೆಮ್ಮದಿಯಿಂದ ಒರಗಬೇಕಾಗಿಲ್ಲ. ಅಲ್ಲಿಯೂ ಇದೇ ಪ್ಲಂಬರು, ಇದೇ ಓನರು. ನೀರು ಹಿಗ್ಗಿ ಒತ್ತಡ ಹೆಚ್ಚಾದಾಗ ಬಿಡಲೆಂದು ಇರುವ ಸೇಫ್ಟಿ ವಾಲ್ವ್ ಹನಿ ಹನಿ ಸುರಿಸುತ್ತದೆ, ಸುರಿಸುವುದೇ ಅದರ ಕೆಲಸ. ಹನಿ ಬೀಳುತ್ತದೆ, ಗೋಡೆ ಕರೆಗಟ್ಟುತ್ತದೆ ಎಂದು ಅದರ ಬಾಯಿಗೆ ಕ್ಯಾಪ್ ಹಾಕಿಸಿದ ಮನೆಗಳನ್ನು ನಾನೇ ನೋಡಿದ್ದೇನೆ. ಥರ್ಮೋಸ್ಟಾಟ್ ಕೈಕೊಟ್ಟ ದಿನ ತೊಟ್ಟಿಯ ಇಪ್ಪತ್ತೈದು ಲೀಟರ್ ನೀರು ನೂರು ಡಿಗ್ರಿ ದಾಟುತ್ತದೆ. ತೊಟ್ಟಿ ಸೀಳಿತೆಂದರೆ ಆ ನೀರಿನಲ್ಲಿ ಆವಿಯಾಗುವ ಒಂದೊಂದು ಲೀಟರೂ ಸಾವಿರದ ಆರುನೂರು ಲೀಟರಿಗೂ ಮೀರಿ ಹಿಗ್ಗುತ್ತದೆ. ಪಕ್ಕದಲ್ಲಿ ಅರ್ಥಿಂಗ್ ವೈರು ಎಲ್ಲಿಗೂ ಸೇರದೆ ಪ್ಲಗ್ಗಿನೊಳಗೆ ಮಡಚಿಕೊಂಡಿರುತ್ತದೆ. ಮೂವತ್ತು ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಒಂದನ್ನು ಹಾಕಿಸಿ ಎಂದರೆ ‘ಪದೇಪದೇ ಟ್ರಿಪ್ ಆಗುತ್ತೆ ಸಾರ್’ ಎಂದು ತೆಗೆದೇ ಬಿಟ್ಟಿರುತ್ತಾರೆ. ಅದು ಟ್ರಿಪ್ ಆಗುತ್ತಿದ್ದದ್ದು ಯಾಕೆಂದು ಯಾರಿಗೂ ಕುತೂಹಲವಿಲ್ಲ.

ಈಗ ಕಾನೂನಿಗೆ ಬರೋಣ. ಕಾನೂನಿಲ್ಲ, ಪಾಪ ಪೊಲೀಸರು ಏನು ಮಾಡುತ್ತಾರೆ ಎಂಬ ಮಾತು ಶುದ್ಧ ಸುಳ್ಳು.

ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ನಿರ್ಲಕ್ಷ್ಯದಿಂದ ಸಾವು ತಂದರೆ ಐದು ವರ್ಷದವರೆಗೆ ಸೆರೆ. ಹಳೆಯ ದಂಡ ಸಂಹಿತೆಯ 304ಎ ಇದೇ. ಆಗ ಎರಡು ವರ್ಷವಿತ್ತು, 2024ರ ಜುಲೈ 1ರಿಂದ ಐದಾಯಿತು. ಶಿಕ್ಷೆ ಹೆಚ್ಚಾಯಿತು, ಆದರೆ ಬಚ್ಚಲುಮನೆಯ ಬಾಗಿಲವರೆಗೆ ಆ ಕಲಂ ನಡೆದು ಬರುವುದೇ ಅಪರೂಪ. ಅಲ್ಲಿ ಬರೆಯುವುದು ಯುಡಿಆರ್. ಅಸ್ವಾಭಾವಿಕ ಸಾವಿನ ವರದಿ ಎನ್ನುವುದು ತನಿಖೆಯ ಬಾಗಿಲು, ಅದನ್ನೇ ಮನೆ ಎಂದುಕೊಂಡಿದ್ದೇವೆ. ಮರಣೋತ್ತರ ವರದಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂದು ಬಂದ ಮೇಲೂ ಕಡತ ಮುಚ್ಚುವುದಾದರೆ ಆ ವರದಿ ಯಾರಿಗಾಗಿ? ವಿಷ ಎಂದು ಗೊತ್ತಾಯಿತು, ಎಲ್ಲಿಂದ ಬಂತೆಂದು ಗೊತ್ತಾಯಿತು, ಆ ಯಂತ್ರವನ್ನು ಅಲ್ಲಿಟ್ಟವನ ಮನೆ ಮಹಡಿಯ ಮೇಲೇ ಇದೆ. ಮೆಟ್ಟಿಲು ಹತ್ತಲು ಏನು ತೊಂದರೆ?

ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ನೆನಪಿದೆಯಲ್ಲ. 1997ರ ಜೂನ್ 13, ಸತ್ತವರು 59 ಮಂದಿ, ಬಹುಪಾಲು ಸುಟ್ಟಲ್ಲ, ಉಸಿರುಕಟ್ಟಿ. ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ಕುರ್ಚಿ ಹಾಕಿಸಿದ್ದ ಮಾಲೀಕರು ನಿರ್ಲಕ್ಷ್ಯದ ಸಾವಿಗೆ ಹೊಣೆ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಪ್ರೇಕ್ಷಕರು ಬೇಗ ಓಡಬೇಕಿತ್ತು ಎಂದು ಅಲ್ಲಿ ಯಾರೂ ವಾದಿಸಿ ಗೆಲ್ಲಲಿಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಪೊಲೀಸರು ಮಾಲೀಕರ ಕಡೆಯವರನ್ನೂ ಗುತ್ತಿಗೆದಾರನನ್ನೂ ಹುಡುಕಿಕೊಂಡು ಹೋದರು, ಮಳೆಯ ಮೇಲೆ ಕೇಸು ಹಾಕಲಿಲ್ಲ. ಕಟ್ಟಡ ಬಿದ್ದರೆ ಕಟ್ಟಿದವನು ಹೊಣೆ, ಕಟ್ಟಡದೊಳಗಿನ ಗಾಳಿ ವಿಷವಾದರೆ ಉಸಿರಾಡಿದವನು ಹೊಣೆ. ಇದು ಯಾವ ನ್ಯಾಯ? ಸತ್ತವನೂ ಎಚ್ಚರ ವಹಿಸಿರಲಿಲ್ಲ ಎಂಬುದು ಪರಿಹಾರದ ಮೊತ್ತ ಕಡಿಮೆ ಮಾಡಲು ಉಪಯೋಗಕ್ಕೆ ಬರಬಹುದೇ ಹೊರತು ಕ್ರಿಮಿನಲ್ ನಿರ್ಲಕ್ಷ್ಯದಿಂದ ಪಾರು ಮಾಡುವುದಿಲ್ಲ. ಯಾವ ವಕೀಲರನ್ನು ಬೇಕಾದರೂ ಕೇಳಿ.

ಸ್ವತ್ತು ವರ್ಗಾವಣೆ ಅಧಿನಿಯಮ 1882ರದು, ಅಂದರೆ ಈ ನಾಡಿಗೆ ಗೀಸರ್ ಬರುವುದಕ್ಕಿಂತ ಎಷ್ಟೋ ಮೊದಲಿನದು. ಅದರ 108ನೇ ಕಲಂ ಹೇಳುತ್ತದೆ: ಮನೆಯ ಬಳಕೆಗೆ ಸಂಬಂಧಿಸಿದ ದೊಡ್ಡ ದೋಷ ಬಾಡಿಗೆಗೆ ಕೊಡುವವನಿಗೆ ಗೊತ್ತಿದ್ದು, ಬಾಡಿಗೆಗೆ ಬರುವವನ ಕಣ್ಣಿಗೆ ಸಾಮಾನ್ಯ ಎಚ್ಚರದಲ್ಲಿ ಬೀಳದಂಥದ್ದಾಗಿದ್ದರೆ, ಮೊದಲೇ ತಿಳಿಸತಕ್ಕದ್ದು. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಕ್ಕಿಂತ ಕಣ್ಣಿಗೆ ಬೀಳದ ದೋಷ ಇನ್ನಾವುದಿದೆ? ‘ನನಗೂ ಗೊತ್ತಿರಲಿಲ್ಲ’ ಎನ್ನುವ ಓನರೇ ಮರುಗಳಿಗೆ ‘ಕಿಟಕಿ ತೆಗೆಯಬೇಕಿತ್ತು’ ಎನ್ನುತ್ತಾರೆ. ಗೊತ್ತಿರಲಿಲ್ಲವಾದರೆ ಕಿಟಕಿಯ ಮಾತು ಬಂದದ್ದೆಲ್ಲಿಂದ? ಆ ಒಂದು ವಾಕ್ಯ ಅವರದೇ ತಪ್ಪೊಪ್ಪಿಗೆ. ಮುಂದಿನ ಸಲ ಯಾರಾದರೂ ಓನರು ಹಾಗೆಂದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ 82ರಿಂದ 87ನೇ ಕಲಂವರೆಗೆ ಉತ್ಪನ್ನದ ಹೊಣೆಗಾರಿಕೆಯ ಅಧ್ಯಾಯವೇ ಇದೆ. ತಯಾರಿಸಿದವನನ್ನಷ್ಟೇ ಅಲ್ಲ, ಮಾರಿದವನನ್ನೂ, ಸೇವೆ ಕೊಟ್ಟವನನ್ನೂ ಕಟಕಟೆಗೆ ತರಬಹುದು. ಸಾಕಷ್ಟು ಎಚ್ಚರಿಕೆ ಕೊಡದಿದ್ದುದೇ ತಪ್ಪಾಗುತ್ತದೆ. ಗ್ರಾಹಕ ಸತ್ತಿದ್ದರೆ ವಾರಸುದಾರರು ದೂರು ಕೊಡಬಹುದು, ಎರಡು ವರ್ಷದೊಳಗೆ. ಬಿಲ್ಲಿಲ್ಲದೆ ಗೀಸರ್ ಮಾರಿ, ಅಂಗಡಿಯ ಹುಡುಗನನ್ನೇ ಕಳಿಸಿ ‘ಫ್ರೀ ಇನ್‌ಸ್ಟಲೇಶನ್’ ಮಾಡಿಸುವ ವ್ಯಾಪಾರಿ ಈ ಅಧ್ಯಾಯವನ್ನು ಓದಿಲ್ಲ, ಸರಿ. ವೈಕುಂಠ ಸಮಾರಾಧನೆ ಮುಗಿಸಿ ಕೂತ ಮನೆಯವರಿಗೂ ಯಾರೂ ಹೇಳಲಿಲ್ಲವಲ್ಲ. ‘ಹೋದ ಜೀವ ಬರುತ್ತಾ, ಕೋರ್ಟು ಕಚೇರಿ ಯಾಕೆ’ ಎಂದು ಅವರನ್ನು ಸುಮ್ಮನಾಗಿಸುವ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಆ ಹಿರಿಯರ ಪೈಕಿ ನಾಲ್ಕು ಮನೆ ಬಾಡಿಗೆಗೆ ಬಿಟ್ಟವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ.

ಬೇರೆ ಕಡೆ ಏನಾಯಿತು? ದಕ್ಷಿಣ ಕೊರಿಯಾದ ಗಂಗ್‌ನುಂಗ್ ಊರಿನ ಒಂದು ವಸತಿಗೃಹದಲ್ಲಿ 2018ರ ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಬಂದ ಹತ್ತು ಹೈಸ್ಕೂಲ್ ಹುಡುಗರು ತಂಗಿದ್ದರು. ಬಾಯ್ಲರಿನ ಹೊಗೆಕೊಳವೆ ಕಳಚಿಕೊಂಡಿತ್ತು, ವಿಷ ಕೋಣೆಗೆ ತುಂಬಿ ಮೂವರು ಸತ್ತರು. ಅಲ್ಲಿನವರು ಹುಡುಗರು ಕಿಟಕಿ ತೆಗೆಯಬೇಕಿತ್ತು ಎಂದು ಹೇಳಿ ಮನೆಗೆ ಹೋಗಲಿಲ್ಲ. ಆ ಕೊಳವೆ ಜೋಡಿಸಿದವನು ಯಾರು, ಅವನಿಗೆ ಅರ್ಹತೆ ಇತ್ತೇ, ಪರಿಶೀಲಿಸಿ ಸಹಿ ಹಾಕಿದ ಅಧಿಕಾರಿ ಯಾರು ಎಂದು ಹುಡುಕಿ ಹೋದರು. ಅರ್ಹತೆಯಿರಲಿಲ್ಲ. ಅಳವಡಿಸಿದವರ ಜೊತೆಗೆ ವಸತಿಗೃಹ ನಡೆಸುತ್ತಿದ್ದವನಿಗೂ ತಪಾಸಣೆಯ ಅಧಿಕಾರಿಗೂ ಶಿಕ್ಷೆಯಾಯಿತು, ವಿಷಾನಿಲ ಪತ್ತೆಯಾದರೆ ಕೂಗುವ ಅಲಾರಂ ಕಡ್ಡಾಯವಾಯಿತು. ಬ್ರಿಟನ್ನಿನ 1998ರ ಅನಿಲ ಸುರಕ್ಷತಾ ನಿಯಮ ಇನ್ನೂ ನೇರ. ಕೋಣೆಯ ಗಾಳಿಯನ್ನು ಮುಟ್ಟದೆ, ಹೊರಗಿನಿಂದಲೇ ಉಸಿರೆಳೆದು ಹೊರಗೇ ಬಿಡುವ ಮುಚ್ಚಿದ ಉಪಕರಣವಲ್ಲದೆ ಬೇರಾವ ಅನಿಲದ ಉಪಕರಣವನ್ನೂ ಸ್ನಾನದ ಕೋಣೆಯಲ್ಲಿ ಹೊಸದಾಗಿ ಅಳವಡಿಸುವಂತಿಲ್ಲ. ಬಾಡಿಗೆ ಮನೆಯಾದರೆ ನೋಂದಾಯಿತ ಕೆಲಸಗಾರನಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಆ ಕಾಗದವನ್ನು ಬಾಡಿಗೆದಾರನ ಕೈಗೆ ಕೊಡಬೇಕಾದ್ದು ಓನರಿನ ಕರ್ತವ್ಯ. ಅವರ ಊರಲ್ಲಿ ಚಳಿ ನಮಗಿಂತ ಜಾಸ್ತಿ, ಕಿಟಕಿ ಮುಚ್ಚಿಯೇ ಇರುತ್ತದೆ. ಅದು ಅವರಿಗೆ ಗೊತ್ತಿದೆ, ಆದ್ದರಿಂದಲೇ ಕಿಟಕಿಯನ್ನು ನಂಬಿ ಕಾನೂನು ಬರೆಯಲಿಲ್ಲ.

ನಮ್ಮ ಸರ್ಕಾರಕ್ಕೆ ಬಿಸಿನೀರಿನ ವಿಷಯದಲ್ಲಿ ಕಾನೂನು ಮಾಡಲು ಬರುವುದಿಲ್ಲವೇ? ಬರುತ್ತದೆ. ದೊಡ್ಡ ಮನೆ ಕಟ್ಟಿದರೆ ತಾರಸಿಯ ಮೇಲೆ ಸೋಲಾರ್ ಹಾಕಿರಬೇಕು, ಇಲ್ಲದಿದ್ದರೆ ವಿದ್ಯುತ್ ಸಂಪರ್ಕಕ್ಕೆ ತಕರಾರು ಎಂದು 2007ರಷ್ಟು ಹಿಂದೆಯೇ ಕರ್ನಾಟಕದಲ್ಲಿ ನಿಯಮ ಬಂತು. ಕರೆಂಟ್ ಉಳಿಸಲು ಮನೆಯ ತಾರಸಿ ಹತ್ತಿದ ಸರ್ಕಾರಕ್ಕೆ ಜೀವ ಉಳಿಸಲು ಬಚ್ಚಲಿಗೆ ಇಣುಕಲು ಸಂಕೋಚ. ಮನೆಯ ವೈರಿಂಗ್ ಮಾಡಲು ಲೈಸೆನ್ಸ್ ಇರುವ ಗುತ್ತಿಗೆದಾರ ಬೇಕು. ಉರಿಯುವ ಅನಿಲದ ಯಂತ್ರವನ್ನು ಮನುಷ್ಯ ಬೆತ್ತಲೆಯಾಗಿ ಚಿಲಕ ಹಾಕಿಕೊಂಡು ನಿಲ್ಲುವ ಕೋಣೆಯೊಳಗೆ ಕೂರಿಸಲು ಡ್ರಿಲ್ಲಿಂಗ್ ಮೆಷಿನ್ ಇದ್ದರೆ ಸಾಕು. ಬದಲಿಗೆ ವರ್ಷವರ್ಷ ‘ಜಾಗೃತಿ’ ಪ್ರಕಟಣೆ ಬರುತ್ತದೆ: ಕಿಟಕಿ ತೆರೆದಿಡಿ, ಮೊದಲೇ ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ ಸ್ನಾನ ಮಾಡಿ. ಪಾಲಿಸಿ, ಬೇಡವೆನ್ನುವುದಿಲ್ಲ, ಇವತ್ತೇ ಪಾಲಿಸಿ. ಆದರೆ ಆ ಪಟ್ಟಿಯಲ್ಲಿ ಓನರಿಗೆ ಒಂದಾದರೂ ಸಾಲಿದೆಯೇ? ಅಂಗಡಿಗೆ? ಪ್ಲಂಬರಿಗೆ? ಎಲ್ಲ ಸೂಚನೆಯೂ ಸಾಯಬಹುದಾದವನಿಗೆ. ಜಾಗೃತಿಯೆಂದರೆ ಇಲ್ಲಿ ಆಪಾದನೆಯನ್ನು ಮುಂಗಡವಾಗಿ ಬರೆದಿಡುವುದು.

ಗ್ಯಾಸ್ ಗೀಸರ್ ಬಡವರದು, ಅದರ ಮೇಲೆ ಕಾನೂನು ಹೇರಬೇಡಿ ಎಂದು ಕರುಣೆ ತೋರಿಸುವವರಿದ್ದಾರೆ. ಗೀಸರ್ ಬೇಡ ಎಂದು ಯಾರು ಹೇಳಿದರು? ಅದೇ ಗೀಸರನ್ನು ತೆರೆದ ಯುಟಿಲಿಟಿಯಲ್ಲಿ, ಹಿತ್ತಿಲ ಗೋಡೆಯ ಮೇಲೆ, ಮಳೆ ಬೀಳದಂತೆ ಒಂದು ತಗಡಿನ ಕೆಳಗೆ ಹಾಕಿ. ಬಿಸಿನೀರು ಪೈಪಿನಲ್ಲಿ ಒಳಗೆ ಬರಲಿ. ವ್ಯತ್ಯಾಸ ನಮ್ಮ ಪ್ಲಂಬರ್ ಹೇಳಿದಷ್ಟೇ, ಹತ್ತಡಿ ಪೈಪು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಇಸಿದುಕೊಳ್ಳುವವರು ಹತ್ತಡಿ ಪೈಪಿಗೆ ಬಡವರಾಗುತ್ತಾರೆಯೇ?

ಬಾತ್‌ರೂಮಿನೊಳಗೆ ಹೊಗೆಕೊಳವೆಯಿಲ್ಲದ ಅನಿಲ ಗೀಸರ್ ಕೂಡದು ಎಂದು ಒಂದೇ ಸಾಲಿನ ನಿಯಮ ತನ್ನಿ. ಈಗಾಗಲೇ ಇರುವುದನ್ನು ಹೊರಗೆ ಹಾಕಿಸಲು ಬಾಡಿಗೆ ಮನೆ ಮತ್ತು ಪಿಜಿಗಳ ಓನರುಗಳಿಗೆ ಒಂದು ಗಡುವು ಕೊಡಿ, ಈ ಚಳಿಗಾಲದೊಳಗೆ. ಅಳವಡಿಸುವವನಿಗೆ ತರಬೇತಿ ಮತ್ತು ಲೈಸೆನ್ಸ್ ಇರಲಿ, ಅವನ ಹೆಸರು, ನಂಬರು, ತಾರೀಖು ಗೀಸರಿನ ಮೈಮೇಲೆ ಅಂಟಿರಲಿ. ಸ್ಕೂಟರಿನ ಟೈರಿಗೆ ಪಂಕ್ಚರ್ ಹಾಕಿದವನಿಗಿಂತ ಇವನು ಅನಾಮಧೇಯನಾಗಿರುವುದು ಸಾಕು. ಇದಕ್ಕೆಲ್ಲ ವಿಧಾನಸೌಧ ಏಳಬೇಕು, ಅದು ಏಳುವಾಗ ಏಳಲಿ. ಪೊಲೀಸ್ ಠಾಣೆಗೆ ಮಾತ್ರ ಯಾವ ಹೊಸ ಕಾನೂನೂ ಬೇಡ, 106 ಇದೆ. ಆಕಸ್ಮಿಕ ಎಂದು ಷರಾ ಬರೆಯುವ ಮೊದಲು ಮಾರಿದವನು, ಹಾಕಿದವನು, ಹಾಕಿಸಿದವನು ಈ ಮೂರು ಹೆಸರು ಕಡತದಲ್ಲಿ ಕಾಣಬೇಕು.

ಹಾಕಿಸಿದವನು ಯಾರೆಂಬುದಕ್ಕೆ ಸಾಕ್ಷಿ ಸಿಗುವುದಿಲ್ಲ ಎನ್ನುತ್ತಾರೆ. ನನ್ನ ಹಳೆಯ ಬಾಡಿಗೆ ಕರಾರು ಪತ್ರ ಇನ್ನೂ ನನ್ನ ಬಳಿಯಿದೆ. ಹನ್ನೊಂದು ತಿಂಗಳಿನದು, ಛಾಪಾ ಕಾಗದದ್ದು, ಕೊನೆಯ ಪುಟದಲ್ಲಿ ಷೆಡ್ಯೂಲು. ಸೀಲಿಂಗ್ ಫ್ಯಾನ್ 3, ಟ್ಯೂಬ್‌ಲೈಟ್ 5, ನೀರಿನ ಮೋಟರ್ 1, ಗ್ಯಾಸ್ ಗೀಸರ್ 1. ಮನೆ ಬಿಡುವಾಗ ಇವೆಲ್ಲವನ್ನೂ ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು, ಕೆಳಗೆ ಓನರಿನ ಸಹಿ. ಇಂಥದೊಂದು ಕಾಗದ ಬಾಡಿಗೆಗಿರುವ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಇನ್‌ಸ್ಪೆಕ್ಟರೇ, ಬಾಗಿಲು ಒಡೆದು ಒಳಗೆ ಹೋದಾಗ ಕಿಟಕಿಯ ಕಡೆ ಆಮೇಲೆ ನೋಡಿ. ಮೊದಲು ಬೀರು ತೆಗೆಸಿ.